ಎರಡು ದೋಣಿಯ ಮೇಲೆ ಕಾಲು

ಎರಡು ದೋಣಿಯ ಮೇಲೆ ಕಾಲಿಡಬೇಡ ಎಂದು ಹಿರಿಯರು ಹೇಳುತ್ತಾರೆ. ಬಾಳಿಗೆ ಅದು ಸರಿಯಾದ ಮಾತೇ. ಆದರೆ ಅದೇ ಎರಡು ದೋಣಿಗಳನ್ನು ನಡುವೆ ಅಂತರ ಬಿಟ್ಟು ಬಿಗಿಯಾಗಿ ಜೋಡಿಸಿ, ಮೇಲೆ ಹಲಗೆ ಹಾಸಿದರೆ ನೀರಿನ ಮೇಲೆ ಭದ್ರವಾಗಿ ನಿಲ್ಲಬಹುದು. ಪೊಂಟೂನ್ ದೋಣಿಯ ಗುಟ್ಟು ಇಷ್ಟೇ.

ಹರಿಹರದವರಾದ ನಮಗೆ ಹರಿಗೋಲು ಹೊಸದಲ್ಲ. ಬಿದಿರಿನ ಹೆಣಿಗೆ, ಹಿಂದೆ ಚರ್ಮದ ಹೊದಿಕೆ, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ. ಆದರೆ ಅದರಲ್ಲಿ ಕುಳಿತೇ ಇರಬೇಕು. ನಾಲ್ಕು ಜನ ಎದ್ದು ಒಂದೇ ಅಂಚಿಗೆ ಸರಿದರೆ ಮಗುಚುತ್ತದೆ. ಮಕ್ಕಳು ಕುಳಿತಲ್ಲೇ ಕುಳಿತಿರುತ್ತಾರೆಯೇ? ಇಷ್ಟು ವರ್ಷ ಪಾಠ ಮಾಡಿದ ನನಗೆ ಉತ್ತರ ಗೊತ್ತು.

ದಾವಣಗೆರೆಯ ಪೋಷಕರೊಬ್ಬರು ತಮ್ಮ ತೋಟದ ಕೆರೆಗೆ ಪುಟ್ಟ ದೋಣಿ ಮಾಡಿಸಲು ಹೊರಟು, ಎರಡು ನಕ್ಷೆ ತಂದರು. ಜೊತೆಗೆ ಒಂಬತ್ತನೆಯ ತರಗತಿಯ ಮಗನೂ ಇದ್ದ. “ಮೇಷ್ಟ್ರೇ, ನಾಲ್ಕು ಡ್ರಮ್ಮಿನದು ಸಾಕೋ, ಆರು ಡ್ರಮ್ಮಿನದೇ ಬೇಕೋ? ನಾಲ್ಕಾದರೆ ಖರ್ಚು ಕಡಿಮೆ” ಎಂದರು. ಉತ್ತರವನ್ನು ನಾನು ಹೇಳಲಿಲ್ಲ; ಹುಡುಗನ ಕೈಗೆ ಪೆನ್ಸಿಲ್ ಕೊಟ್ಟೆ.

200 ಲೀಟರ್ ಡ್ರಮ್ಮು ಪೂರ್ತಿ ಮುಳುಗಿದರೆ 200 ಕಿಲೋ ನೀರನ್ನು ಸರಿಸುತ್ತದೆ. ಅಷ್ಟು ಭಾರವನ್ನು ನೀರೇ ಎತ್ತಿ ಹಿಡಿಯುತ್ತದೆ. ಇದು ಆರ್ಕಿಮಿಡೀಸನ ತತ್ತ್ವ. ಡ್ರಮ್ಮು, ಹಲಗೆ ಸೇರಿ ದೋಣಿಯ ತೂಕ 200 ಕಿಲೋ, ಮನೆಮಂದಿಯ ತೂಕ 300 ಕಿಲೋ ಎಂದುಕೊಳ್ಳೋಣ. ಒಟ್ಟು 500. ನಾಲ್ಕು ಡ್ರಮ್ಮು 800 ಕಿಲೋ ಹೊರುತ್ತವೆ. “ಸಾಕಲ್ಲ ಸಾರ್!” ಎಂದ ಹುಡುಗ.

“ನೀರಲ್ಲಿ ಮೀನು ಹಾರಿತು, ಎಲ್ಲರೂ ಒಂದೇ ಬದಿಗೆ ಓಡಿದಿರಿ. ಈಗ ಲೆಕ್ಕ ಮಾಡು” ಎಂದೆ. ಆ ಬದಿಗೆ ಮನೆಮಂದಿಯ 300, ದೋಣಿಯ ಅರ್ಧ ತೂಕ 100; ಒಟ್ಟು 400. ಅಲ್ಲಿರುವ ಎರಡು ಡ್ರಮ್ಮು ಹೊರುವುದೂ ಸರಿಯಾಗಿ 400. ಅಂದರೆ ಅವು ಪೂರ್ತಿ ಮುಳುಗುತ್ತವೆ. ಇನ್ನೊಂದು ಚೀಲ ಇಟ್ಟರೂ ದೋಣಿ ಮಗುಚಬಹುದು. ಬದಿಗೆ ಮೂರರಂತೆ ಆರಾದರೆ 600 ಕಿಲೋ ಹೊರುತ್ತದೆ. ಹೆಚ್ಚುವರಿ ಡ್ರಮ್ಮುಗಳ ತೂಕ ಕಳೆದರೂ ಸಾಕಷ್ಟು ಉಳಿಯುತ್ತದೆ. ಹುಡುಗ ಪೆನ್ಸಿಲ್ ಕೆಳಗಿಟ್ಟು ತಂದೆಯ ಮುಖ ನೋಡಿದ. ಅವರು ನಾಲ್ಕು ಡ್ರಮ್ಮಿನ ನಕ್ಷೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಇದು ಬರಿಯ ಕಾಗದದ ಲೆಕ್ಕವಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ‘ಜಲಕನ್ಯಕ’ ಎಂಬ ಎರಡಂತಸ್ತಿನ ದೋಣಿ ಮಗುಚಿ 45 ಜನ ಸತ್ತರು. ಕಾಡುಪ್ರಾಣಿ ನೋಡಲು ಪ್ರವಾಸಿಗರು ಒಂದೇ ಬದಿಗೆ ಸರಿದರೆಂದು ಆಗ ವರದಿಯಾಗಿತ್ತು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಆ ಸುದ್ದಿ ಓದಿದ ದಿನ ತರಗತಿಯಲ್ಲಿ ಹಾಜರಿ ಕೂಗುವಾಗ ನನ್ನ ದನಿ ನಡುಗಿತ್ತು.

ಆದ್ದರಿಂದ ದೋಣಿ ಆರಿಸುವಾಗ ಬಣ್ಣ, ಮೇಲ್ಛಾವಣಿ ನೋಡಬೇಡಿ. ಒಂದು ಬದಿಯ ತೇಲುಭಾಗವೊಂದೇ ಎಲ್ಲರನ್ನೂ ಹೊರಬಲ್ಲುದೇ ಎಂದು ಕೇಳಿ. ಎರಡು ಬದಿಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಒಳ್ಳೆಯದು. ಒಂದು ತೂತಾದರೂ ಉಳಿದವು ತೇಲುವಂತೆ ತೇಲುಭಾಗದೊಳಗೆ ಬೇರೆ ಬೇರೆ ಮುಚ್ಚಿದ ಕೋಣೆಗಳಿರಲಿ. ಛಾವಣಿಯ ಮೇಲೆ ಯಾರನ್ನೂ ಹತ್ತಿಸಬಾರದು. ಭಾರ ಮೇಲೇರಿದಷ್ಟೂ ದೋಣಿ ವಾಲುವುದು ಸುಲಭ. ಲೈಫ್ ಜಾಕೆಟ್ ಮಕ್ಕಳ ಅಳತೆಯದೇ ಆಗಬೇಕು, ಗುಂಡಿ ಹಾಕಿರಬೇಕು.

ಇವೆಲ್ಲ ನಿಂತ ನೀರಿಗೆ. ಬೇಸಿಗೆಯಲ್ಲಿ ಮರಳು ತೋರುವ ನಮ್ಮ ಹೊಳೆಗೆ ಮಳೆಗಾಲದಲ್ಲಿ ತುಂಗಾ, ಭದ್ರಾ ಜಲಾಶಯಗಳಿಂದ ನೀರು ಬಿಟ್ಟರೆ ಯಾವ ಲೆಕ್ಕವೂ ನಡೆಯದು. ಆಗ ದಡದಲ್ಲೇ ಕುಳಿತು ಮಂಡಕ್ಕಿ, ಮೆಣಸಿನಕಾಯಿ ತಿನ್ನುವುದೇ ಸರಿ. ಮಕ್ಕಳು ಮುನಿಸಿಕೊಂಡಾರು, ಮುನಿಸು ಸಂಜೆಗೆ ಇಳಿಯುತ್ತದೆ.