ಪಟ್ಟಿಯಲ್ಲಿಲ್ಲದ ಕೈಗಳು

ನಾವು ಬಿ.ಕಾಂ. ಓದುವಾಗ ಜಮಾಖರ್ಚಿನ ಎರಡೂ ಬದಿ ತಾಳೆಯಾದರೆ ವಿದ್ಯೆ ಬಂತೆಂದೇ ಲೆಕ್ಕ. ಈಗಿನ ಮಕ್ಕಳಿಗೆ ಅಷ್ಟಕ್ಕೇ ಬಿಡುಗಡೆಯಿಲ್ಲ. ಐದೈದು ಜನರ ಗುಂಪು ಮಾಡಿ, ಒಂದು ವಿಷಯ ಕೊಟ್ಟು, "ಸಂಶೋಧನೆ ಮಾಡಿ ತನ್ನಿ" ಎನ್ನುತ್ತಾರೆ. ನನ್ನ ಮಗಳ ಗುಂಪಿಗೆ ಬಂದದ್ದು 'ಸುಸ್ಥಿರ ಜಾಗತಿಕ ವ್ಯಾಪಾರ'. ಹಾಸನದಲ್ಲಿದ್ದುಕೊಂಡು ಬೇರೇನು ಹುಡುಕುವುದು? ಕಾಫಿಯನ್ನೇ ಆರಿಸಿಕೊಂಡರು.

"ಸುಸ್ಥಿರ ಅಂದರೇನೇ?" ಎಂದು ಕೇಳಿದೆ. 1987ರಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು ಅದಕ್ಕೆ ಅರ್ಥ ಹೇಳಿತ್ತಂತೆ. ಅದರ ಅಧ್ಯಕ್ಷೆ ಗ್ರೋ ಹಾರ್ಲೆಮ್ ಬ್ರುಂಟ್‌ಲ್ಯಾಂಡ್, ನಾರ್ವೆಯ ಮೊದಲ ಮಹಿಳಾ ಪ್ರಧಾನಿ. ನಮ್ಮ ಇಂದಿನ ಅಗತ್ಯ ತೀರಬೇಕು, ಆದರೆ ಮುಂದೆ ಬರುವವರ ಅನ್ನಕ್ಕೆ ಕಲ್ಲು ಬೀಳಬಾರದು ಎಂಬುದು ಅದರ ತಿರುಳು. ಬಿತ್ತನೆಗೆಂದು ಎತ್ತಿಟ್ಟ ಭತ್ತವನ್ನು ಎಂಥ ಬರದಲ್ಲೂ ಮುಟ್ಟಗೊಡದ ನಮ್ಮಜ್ಜಿಯ ನೆನಪಾಯಿತು.

ಮಕ್ಕಳು ಬಹಳಷ್ಟು ಕಲೆಹಾಕಿದರು. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಕರ್ನಾಟಕದ್ದು. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಇಟಲಿ, ಜರ್ಮನಿ ಮೊದಲಾದ ಹೊರದೇಶಗಳಿಗೆ ಹೋಗುತ್ತದೆ. ಯೂರೋಪಿನ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಕೊಡಬೇಕು. ಜಾರಿಯ ದಿನ ಮುಂದಕ್ಕೆ ಹೋಗುತ್ತ ಬಂದರೂ ಬೆಳೆಗಾರರಿಗೆ ಚಿಂತೆ ತಪ್ಪಿಲ್ಲ. ಅತ್ತಿ, ಹಲಸಿನ ನೆರಳಲ್ಲೇ ಕಾಫಿ ಬೆಳೆಸುವ ನಮ್ಮವರು ಇದನ್ನು ಕಾಗದದಲ್ಲೂ ತೋರಿಸಬೇಕು, ನೋಡಿ.

ಒಂದು ಭಾನುವಾರ ಐವರೂ ನಮ್ಮ ನಡುಮನೆಯಲ್ಲಿ ಕೂತಿದ್ದರು. ಒಬ್ಬಳು ಟೈಪು, ಒಬ್ಬಳು ಚಿತ್ರ, ಇನ್ನೊಬ್ಬಳಿಗೆ ಚಕ್ಕುಲಿಯ ಉಸ್ತುವಾರಿ. 'ತೋಟದಿಂದ ಬಂದರಿನವರೆಗೆ' ಎಂಬ ದೊಡ್ಡ ಪಟ್ಟಿ ಸಿದ್ಧವಾಗಿತ್ತು. ಗಿಡ, ಮಣ್ಣು, ನೀರು, ಲಾರಿ, ಹಡಗು, ಬೆಲೆ ಎಲ್ಲಕ್ಕೂ ಒಂದೊಂದು ಕಾಲಂ. ಅಷ್ಟು ಹೊತ್ತು ಮಾತಾಡದೆ ಕೂತಿದ್ದ ಹಾಸ್ಟೆಲಿನ ಹುಡುಗಿ ಕೇಳಿದಳು: "ಇದರಲ್ಲಿ ಕೊಯ್ಯೋರು ಎಲ್ಲಿ?"

ಯಾರೂ ಉತ್ತರಿಸಲಿಲ್ಲ. "ನಮ್ಮಮ್ಮ ಕೊಯ್ಲಿಗೆ ಹೋಗ್ತಾರೆ" ಎಂದಳು.

ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರಿಗೂ ಅದು ಗೊತ್ತಿರಲಿಲ್ಲ. ಆಮೇಲೆ ಅವಳೇ ಹೇಳುತ್ತಾ ಹೋದಳು. ಹಣ್ಣಾದದ್ದನ್ನಷ್ಟೇ ಬಿಡಿಸಿ ಕಾಯಿ ಉಳಿಸಬೇಕು. ಹಾಗಾಗಿ ಅದೇ ಗಿಡಕ್ಕೆ ಮತ್ತೆ ಮತ್ತೆ ಬರಬೇಕು. ಎಲೆಯ ಮರೆಯಲ್ಲಿ ಕೆಂಜಿಗ ಕಾದಿರುತ್ತದೆ. ಸಂಜೆ ತೂಕಕ್ಕೆ ಸಾಲು ನಿಲ್ಲಬೇಕು. ಅಕಾಲದ ಮಳೆ ಬಿದ್ದು ಹಣ್ಣು ಉದುರಿದ ವರ್ಷ ಕೂಲಿ ಕಡಿಮೆಯಾಗಿ, ಇವಳ ಫೀಸು ಕಟ್ಟುವುದೂ ತಡವಾಗಿತ್ತಂತೆ.

ಮಾರ್ಗದರ್ಶಕರು "ಮನೆ ಮಾತು ಸಂಶೋಧನೆಯಾಗುವುದಿಲ್ಲ" ಎಂದರು. ಸರಿ, ರಜೆಯಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಹನ್ನೆರಡು ಹೆಂಗಸರನ್ನು ಕಂಡು ಬಂದರು. ನನ್ನ ಮಗಳ ಪ್ರಶ್ನೆ "ದಿನಕ್ಕೆ ಎಷ್ಟು ಕೂಲಿ?" ಆ ಹುಡುಗಿಯದು "ಕೊಯ್ಲಿಲ್ಲದ ತಿಂಗಳಲ್ಲಿ ಮನೆ ಹೇಗೆ ನಡೆಯುತ್ತೆ?" ಮೊದಲನೆಯದಕ್ಕೆ ಒಂದು ಅಂಕಿ ಸಿಕ್ಕಿತು. ಎರಡನೆಯದಕ್ಕೆ ಒಂದು ಅಧ್ಯಾಯವೇ ಸಿಕ್ಕಿತು: ಸಂಘದ ಸಾಲ, ಅಡವಿಟ್ಟ ಓಲೆ, ಅಂಗಡಿಯ ಉದ್ರಿ.

ಅಂಕ ಐವರಿಗೂ ಒಂದೇ ಬಂತು. ಗುಂಪಿನ ನಿಯಮವೇ ಹಾಗೆ. ಆದರೆ ಪಟ್ಟಿಗೆ ಹೊಸ ಕಾಲಂ ಸೇರಿಸಿದವಳು ಯಾರೆಂದು ಉಳಿದ ನಾಲ್ವರಿಗೂ ಗೊತ್ತು. ಮುಂದಿನವರಿಗೆ ಕಾಡು ಉಳಿಯಬೇಕು, ನಿಜ. ಆ ಮುಂದಿನವರಲ್ಲಿ ಕೊಯ್ಯುವವರ ಮಕ್ಕಳೂ ಇದ್ದಾರಲ್ಲ!