ತೆರೆಯ ಮೇಲೆ ಮೂಡದ ಅಕ್ಷರ

ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಸಿ ಭಾಷೆಯನ್ನು ನಮ್ಮ ಮಕ್ಕಳು ಇಂದಿಗೂ ಕಾಲೇಜಿನಲ್ಲಿ ಕಲಿಯುತ್ತಾರೆ.

ನಮ್ಮ ಮನೆಯ ಹುಡುಗಿ ಬರೆದ ಭಾಗಾಕಾರದ ಸಣ್ಣ ಪ್ರೋಗ್ರಾಂ ನಡುವೆಯೇ ನಿಂತುಹೋಗುತ್ತಿತ್ತು. ಮೊದಲಿಗೇ ಪ್ರಿಂಟ್‌ಎಫ್ ಇದ್ದರೂ ತೆರೆ ಬರಿದು. ಆ ಸಾಲೇ ನಡೆದಿಲ್ಲವೆಂದು ತಿಳಿದು ಎರಡು ದಿನ ಅದನ್ನೇ ತಿದ್ದಿದಳು. 'ಇದು ನನ್ನ ತಲೆಗೆ ಹತ್ತದು, ಕಾಲೇಜೇ ಬೇಡ' ಎಂದು ಕಣ್ಣೀರಿಟ್ಟಳು.

ಅವಳ ಸೋದರಮಾವ ಬಂದು ನೋಡಿದಾಗ ನಿಜ ತಿಳಿಯಿತು. ಸಾಲು ನಡೆದಿತ್ತು. ಪ್ರಿಂಟ್‌ಎಫ್ ಕೊಟ್ಟ ಅಕ್ಷರಗಳು ಕೂಡಲೇ ತೆರೆಗೆ ಹೋಗದೆ ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ತಂಗಬಹುದು. ತೆರೆಗಾದರೆ ಸಾಮಾನ್ಯವಾಗಿ ಹೊಸ ಸಾಲಿನ ಗುರುತು ಅವನ್ನು ಹೊರಡಿಸುತ್ತದೆ; ಫೈಲಿಗಾದರೆ ಅದೂ ಸಾಲದು. ಅಷ್ಟರಲ್ಲಿ ಪ್ರೋಗ್ರಾಂ ಮುರಿದುಬಿದ್ದರೆ ಒಳಗಿದ್ದ ಅಕ್ಷರಗಳೂ ಅದರೊಂದಿಗೆ ಹೋದಂತೆಯೇ. ಅವಳ ಸಾಲಿನಲ್ಲಿ ಆ ಗುರುತಿರಲಿಲ್ಲ.

ಕೆಳಗೆ ಎಫ್‌ಫ್ಲಶ್ ಸೇರಿಸಿದೊಡನೆ ಅಕ್ಷರ ಮೂಡಿತು. ದೋಷವಿದ್ದದ್ದು ಅದರ ಮುಂದೆ, ಸೊನ್ನೆಯಿಂದ ಭಾಗಿಸಿದ ಸಾಲಿನಲ್ಲಿ. ಇಂಥ ಹುಡುಕಾಟಕ್ಕೆ ಸಾಮಾನ್ಯವಾಗಿ ಬಫರಿಲ್ಲದ ಎಸ್‌ಟಿಡಿಎರರ್ ಇನ್ನೂ ಮೇಲು.

ತಾಯಿ ತಂದೆಯರಲ್ಲಿ ನಮ್ಮ ಅರಿಕೆಯಿಷ್ಟೆ: ಮಕ್ಕಳು ಹೀಗೆ ಸೋತು ಕುಳಿತಾಗ 'ನಿನಗೆ ಬಾರದು' ಎನ್ನದಿರೋಣ. ಹೊರಗೆ ಕಾಣಲಿಲ್ಲವೆಂದ ಮಾತ್ರಕ್ಕೆ ಒಳಗೆ ಏನೂ ನಡೆದಿಲ್ಲವೆಂದಲ್ಲ.