ಬೈಬಲ್ ಮೇಲೆ ಬೆರಳಿಟ್ಟ ರಾತ್ರಿ (ಭಾಗ 4)

ನೀವೂ ಮಾಡಿರ್ತೀರಾ, ಸುಳ್ಳು ಹೇಳ್ಬೇಡಿ. ಕಣ್ಮುಚ್ಚಿ ಬೈಬಲ್ ತೆಗೆಯೋದು, ಬೆರಳಿಡೋದು, ಸಿಕ್ಕಿದ ವಚನಾನೇ ದೇವರ ಉತ್ತರ ಅಂದ್ಕೊಳ್ಳೋದು.

ಸೊರಬದಲ್ಲಿ ಅಜ್ಜಿಗೆ ಹುಷಾರಿಲ್ಲ ಅಂತ ಫೋನ್ ಬಂದಾಗ ನಾನು ಶಿಕಾರಿಪುರದ ರೂಮಲ್ಲಿದ್ದೆ. ಮಾರನೇ ದಿನ ಪ್ರಾಕ್ಟಿಕಲ್. ಹೋಗ್ಲಾ, ಬೇಡ್ವಾ? ಬೆರಳಿಟ್ಟೆ. ಯೆಶಾಯ 38 ಬಂತು. ಸಾಯೋ ಹಾಗಿದ್ದ ಹಿಜ್ಕೀಯ ರಾಜನಿಗೆ ದೇವರು 15 ವರ್ಷ ಆಯಸ್ಸು ಕೂಡಿಸಿದ ಕಥೆ. ನಿಶ್ಚಿಂತೆಯಿಂದ ಮಲಗಿಬಿಟ್ಟೆ. ಬೆಳಗಿನ ಜಾವ ಮತ್ತೆ ಫೋನ್. ಶಿರಾಳಕೊಪ್ಪ ದಾಟಿದ್ರೂ ಬಸ್ಸಲ್ಲಿ ನನ್ನ ಅಳು ನಿಂತಿರಲಿಲ್ಲ.

ಬೈಬಲ್ ಸುಳ್ಳು ಹೇಳಿರಲಿಲ್ಲ. ಅದು ಹಿಜ್ಕೀಯನ ಕಥೆ. ಅದನ್ನ ಗಿಳಿಶಾಸ್ತ್ರದ ಕಾರ್ಡ್ ಮಾಡ್ಕೊಂಡಿದ್ದು ನಾನು. ಹೋಗದೇ ಇರೋಕೆ ನೆಪ ಬೇಕಿತ್ತು, ಅಷ್ಟೇ.

ಈ ಚಾಳಿ ಹಳೇದು. ಫ್ರಾನ್ಸಿನ ಆಗ್ಡ್‌ನಲ್ಲಿ 506ರಲ್ಲೇ ಬಿಷಪ್‌ಗಳ ಸಭೆ ಹೀಗೆ ಗ್ರಂಥ ತೆರೆದು ಭವಿಷ್ಯ ನೋಡೋದನ್ನ ನಿಷೇಧಿಸಿತ್ತು. "ಸಂತ ಅಗಸ್ಟೀನ್ 386ರಲ್ಲಿ ಹೀಗೇ ತೆರೆದು ಓದಿ ಬದಲಾದ್ರಲ್ಲ" ಅಂತೀರಾ? ಹೌದು. ಆದ್ರೆ ಲೌಕಿಕ ವ್ಯವಹಾರಕ್ಕೆ ಸುವಾರ್ತೆಯಲ್ಲಿ ಶಕುನ ನೋಡೋದು ತಮಗೆ ಹಿಡಿಸಲ್ಲ ಅಂತ ಆಮೇಲೆ ಅವರೇ ಬರೆದ್ರು.

ಅಜ್ಜಿ ದಿನಾ ಸಂಜೆ ಒಂದೇ ಕೀರ್ತನೆ ಓದೋರು, ನಿಧಾನಕ್ಕೆ. ಯಾವುದಾದ್ರೂ ಮಾತು ಮನಸ್ಸಿಗೆ ತಾಗಿದ್ರೆ ಅಲ್ಲೇ ನಿಲ್ಲಿಸಿ ಸುಮ್ನೆ ಕೂರೋರು. ಆಮೇಲೆ ಒಂದೇ ಪ್ರಶ್ನೆ: "ಇವತ್ತು ನಾನೇನು ಮಾಡ್ಲಿ ತಂದೆ?"

ಆ ರಾತ್ರಿ ನಾನೂ ಅದನ್ನೇ ಕೇಳಿದ್ದಿದ್ರೆ, ಸೀದಾ ಬಸ್ ಸ್ಟ್ಯಾಂಡಿಗೆ ಓಡ್ತಿದ್ದೆ.

ಇವತ್ತು 23ನೇ ಕೀರ್ತನೆ ಮೆಲ್ಲಗೆ ಓದಿ. ಯಾವ ಮಾತಲ್ಲಿ ನಿಂತ್ರಿ, ಕಾಮೆಂಟಲ್ಲಿ ಹೇಳಿ.